ಕುಂಟುವ ಕುದುರೆಯೂ ಕನ್ನಡದ ಅಶ್ವವೈದ್ಯವೂ

ಕನ್ನಡ ಸಾಹಿತ್ಯಚರಿತ್ರೆಯನ್ನು ಓದುವ ಸ್ನಾತಕೋತ್ತರ ವಿದ್ಯಾರ್ಥಿಗೆ ‘ಶಾಸ್ತ್ರಸಾಹಿತ್ಯ’ ಎಂಬುದು ಬಹುಮಟ್ಟಿಗೆ ಐದು ಅಂಕದ ಒಂದು ಟಿಪ್ಪಣಿ. ಅದರೊಳಗೆ ಪಶುವೈದ್ಯಕ್ಕೆ ಸಲ್ಲುವುದು ಎರಡೇ ವಾಕ್ಯ. ಚಾಳುಕ್ಯ ರಾಜಕುಮಾರನೂ ಆರನೆಯ ವಿಕ್ರಮಾದಿತ್ಯನ ಸಹೋದರನೂ ಆದ ಕೀರ್ತಿವರ್ಮನು 12ನೆಯ ಶತಮಾನದ ಆರಂಭದ ಹೊತ್ತಿಗೆ ‘ಗೋವೈದ್ಯ’ವನ್ನು ಬರೆದನು, ಸುಮಾರು 1400ರಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಬರೆದನು, 1627ರಲ್ಲಿ ಪದ್ಮಣ ಪಂಡಿತನು ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ‘ಹಯಸಾರ ಸಮುಚ್ಚಯ’ವನ್ನು ರಚಿಸಿದನು. ಹೆಸರು, ಕಾಲ, ಆಶ್ರಯದಾತ ಈ ಮೂರನ್ನು ಹೇಳಿ ಅಧ್ಯಾಪಕರು ಮುಂದಿನ ಕವಿಗೆ ದಾಟುತ್ತಾರೆ. ಇವು ಯಾವ ಪ್ರಾಣಿಯ ಯಾವ ನೋವಿಗೆ ಉತ್ತರವಾಗಿ ಹುಟ್ಟಿದ ಗ್ರಂಥಗಳು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದೇ ಇಲ್ಲ.

ಈ ಮೌನಕ್ಕೂ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ರಸ್ತೆಗಳಲ್ಲಿ ಇಂದು ಕುಂಟುತ್ತಿರುವ ಕುದುರೆಗೂ ಸಂಬಂಧವಿದೆ ಎಂಬುದು ನನ್ನ ವಾದ. ಗಾಯಗೊಂಡ ಕುದುರೆಯನ್ನು ಕೊಲ್ಲದೆ, ಬೀದಿಗೂ ಬಿಡದೆ, ತಿಂಗಳುಗಟ್ಟಲೆ ಆರೈಕೆ ಮಾಡಿ ಮತ್ತೆ ನಾಲ್ಕು ಕಾಲಿನ ಮೇಲೆ ನಿಲ್ಲಿಸುವ ವಿದ್ಯೆಗೆ ಇಂದು ಅಶ್ವ ಪುನಶ್ಚೇತನ ಚಿಕಿತ್ಸೆ ಎಂದು ಹೆಸರು. ಅದು ವಿದೇಶದ ಶ್ರೀಮಂತರ ವಿಲಾಸವೆಂದು ನಮ್ಮಲ್ಲಿ ಭಾವಿಸಲಾಗುತ್ತಿದೆ. ಆದರೆ ಈ ವಿದ್ಯೆಯ ಮೂಲಭಾವನೆ ನಮ್ಮ ಭಾಷೆಯಲ್ಲಿ, ಅದರಲ್ಲಿಯೂ ಜೈನರ ಲೇಖನಿಯಿಂದ, ಶತಮಾನಗಳ ಹಿಂದೆಯೇ ಗ್ರಂಥಸ್ಥವಾಗಿದೆ. ಅದನ್ನು ಮರೆತವರು ನಾವು, ಅಂದರೆ ಸಾಹಿತ್ಯದ ಓದುಗರು.

ಮೊದಲು ಕುದುರೆಯ ಶರೀರವನ್ನು ಅರ್ಥಮಾಡಿಕೊಳ್ಳಬೇಕು. ಮುಂಗಾಲಿನ ಮೊಣಕಾಲಿನಿಂದ ಕೆಳಗೆ, ಹಿಂಗಾಲಿನ ಗಿಣ್ಣಿನಿಂದ ಕೆಳಗೆ ಕುದುರೆಗೆ ಸ್ನಾಯುವಿನ ತುಂಬು ಮಾಂಸವಿಲ್ಲ ಎಂದೇ ಹೇಳಬಹುದು. ಅಲ್ಲಿರುವುದು ಎಲುಬು, ಅದರ ಹಿಂದೆ ಹುರಿಗಟ್ಟಿದ ಕಂಡರಗಳು, ಮೇಲೆ ಚರ್ಮ. ಓಡುವಾಗ ಇಡೀ ದೇಹದ ಭಾರ ಕ್ಷಣಮಾತ್ರ ಒಂದೇ ಕಾಲಿನ ಮೇಲೆ ಬಿದ್ದಾಗ ಈ ಕಂಡರಗಳು ಹಗ್ಗದಂತೆ ಹಿಗ್ಗಿ ಕುಗ್ಗುತ್ತವೆ. ಗಟ್ಟಿ ಡಾಂಬರಿನ ಮೇಲೆ, ದಣಿದ ಹೊತ್ತಿನಲ್ಲಿ, ಮಿತಿಮೀರಿದ ವೇಗದಲ್ಲಿ ಓಡಿಸಿದಾಗ ಅವುಗಳ ಎಳೆಗಳು ಹರಿಯುತ್ತವೆ. ಆ ಭಾಗಕ್ಕೆ ರಕ್ತಸಂಚಾರ ಕಡಿಮೆಯಾದುದರಿಂದ ಗುಣವಾಗುವುದು ಬಹಳ ನಿಧಾನ. ಗುಣವಾದಾಗಲೂ ಹೊಸ ಎಳೆಗಳು ಮೊದಲಿನಷ್ಟು ಸ್ಥಿತಿಸ್ಥಾಪಕವಾಗಿರುವುದಿಲ್ಲ. ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡರೆ ಅದೇ ಜಾಗದಲ್ಲಿ ಮತ್ತೆ ಹರಿಯುತ್ತವೆ. ಅವು ಸರಿಯಾದ ದಿಕ್ಕಿನಲ್ಲಿ ಸಾಲುಗೂಡಬೇಕಾದರೆ ಪೂರ್ಣ ವಿಶ್ರಾಂತಿಯೂ ಸಲ್ಲದು, ಪೂರ್ಣ ಶ್ರಮವೂ ಸಲ್ಲದು. ಅಳತೆಯ ನಡಿಗೆ ಬೇಕು.

ಪುನಶ್ಚೇತನವೆಂದರೆ ಈ ಅಳತೆಯೇ. ಮೊದಲ ದಿನಗಳಲ್ಲಿ ದಿನಕ್ಕೆ ಹಲವು ಬಾರಿ, ಪ್ರತಿ ಸಲ ಹದಿನೈದು ಇಪ್ಪತ್ತು ನಿಮಿಷ, ತಣ್ಣೀರನ್ನು ಕಾಲಿಗೆ ಹರಿಯಬಿಟ್ಟು ಊತ ಇಳಿಸಬೇಕು. ಹದವರಿತು ಪಟ್ಟಿ ಕಟ್ಟಬೇಕು. ಊತ ಇಳಿದ ಮೇಲೆ ಸಮತಟ್ಟಾದ ಗಟ್ಟಿ ನೆಲದ ಮೇಲೆ, ಕೈಯಲ್ಲಿ ಹಗ್ಗ ಹಿಡಿದು, ನೇರ ಸಾಲಿನಲ್ಲಿ ಹತ್ತು ನಿಮಿಷ ನಡೆಸಬೇಕು. ವಾರ ವಾರಕ್ಕೆ ಕೆಲವು ನಿಮಿಷ ಹೆಚ್ಚಿಸುತ್ತ ಹೋಗಬೇಕು. ಅಲ್ಟ್ರಾಸೌಂಡ್ ಯಂತ್ರದಿಂದ ಕಂಡರದ ಸ್ಥಿತಿಯನ್ನು ಆಗಾಗ ನೋಡಿಕೊಂಡು, ಸಾಮಾನ್ಯವಾಗಿ ಮೂರು ತಿಂಗಳು ಕಳೆದ ಮೇಲೆ ಸಣ್ಣ ಓಟಕ್ಕೆ ಬಿಡಬೇಕು. ನೆಲದ ಮೇಲೆ ಮರದ ಕೋಲುಗಳನ್ನು ಇಟ್ಟು ಅವನ್ನು ದಾಟಿಸಿದರೆ ಕಾಲೆತ್ತುವ ಶಕ್ತಿ ಮರಳುತ್ತದೆ. ಗಜ್ಜರಿಯನ್ನು ಪಕ್ಕೆಯ ಬಳಿ ಹಿಡಿದು ತೋರಿಸಿದರೆ ಕುದುರೆ ಕತ್ತು ಹೊರಳಿಸಿ ಬೆನ್ನಿನ ಬಿಗಿತವನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ನೀರಿನಲ್ಲಿ ನಡೆಸುವುದು, ಈಜಿಸುವುದು, ಅಂಗಮರ್ದನ ಇವೂ ಉಂಟು. ದೊಡ್ಡ ಗಾಯವಾದರೆ ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕಾಗುತ್ತದೆ. ಇದರಲ್ಲಿ ದುಬಾರಿ ಯಂತ್ರಗಳಿಗಿಂತ ಹೆಚ್ಚಾಗಿ ಬೇಕಾದುದು ತಾಳ್ಮೆ, ದಿನಚರಿ ಮತ್ತು ಕುದುರೆಯ ಹೆಜ್ಜೆಯನ್ನು ಓದಬಲ್ಲ ಕಣ್ಣು.

ಈ ‘ಹೆಜ್ಜೆಯ ಓದು’ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಹಳಗನ್ನಡ ಕಾವ್ಯಗಳ ಅಶ್ವವರ್ಣನೆಯಲ್ಲಿ ‘ಪಂಚಧಾರೆ’ ಎಂಬ ಮಾತು ಬಂದರೆ ನಾವು ಅಮರಕೋಶವನ್ನು ನೋಡಿ, ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂಬ ಐದು ಗತಿಗಳ ಹೆಸರು ಬರೆದು ಟಿಪ್ಪಣಿ ಮುಗಿಸುತ್ತೇವೆ. ಅವು ವರ್ಣನೆಯ ಅಲಂಕಾರವೆಂಬ ಭಾವನೆ ನಮ್ಮದು. ಪಶುವೈದ್ಯನಿಗೆ ಗತಿಯೇ ರೋಗನಿದಾನ. ಕುದುರೆ ಕುಂಟುತ್ತಿದೆಯೇ ಎಂಬುದನ್ನು ಅರಿಯಲು ಅವನು ಅದನ್ನು ಎರಡು ತಾಳದ ಸಣ್ಣ ಓಟದಲ್ಲಿ ನಡೆಸಿ ನೋಡುತ್ತಾನೆ. ಆ ಗತಿಯಲ್ಲಿ ಒಂದು ಮುಂಗಾಲೂ ಅದರ ಎದುರು ಪಕ್ಕದ ಹಿಂಗಾಲೂ ಒಟ್ಟಿಗೆ ನೆಲ ಮುಟ್ಟುವುದರಿಂದ ಭಾರ ಸಮವಾಗಿ ಹಂಚಿಹೋಗಬೇಕು. ನೋಯುವ ಮುಂಗಾಲು ನೆಲಕ್ಕೆ ತಗಲಿದಾಗ ಕುದುರೆ ತಲೆಯನ್ನು ಮೇಲಕ್ಕೆತ್ತುತ್ತದೆ. ನೋವಿಲ್ಲದ ಕಾಲು ತಗಲಿದಾಗ ಇಳಿಸುತ್ತದೆ. ತಾಳ ತಪ್ಪಿದ್ದು ಎಲ್ಲಿ ಎಂಬುದನ್ನು ಆ ತಲೆಯ ಏರಿಳಿತ ಹೇಳುತ್ತದೆ. ಗತಿಗಳಿಗೆ ಇಷ್ಟು ಸೂಕ್ಷ್ಮವಾಗಿ ಹೆಸರಿಟ್ಟ ಪರಂಪರೆ ಕೇವಲ ಸೌಂದರ್ಯಕ್ಕಾಗಿ ಅದನ್ನು ಮಾಡಿರಲಾರದು. ಐದು ಗತಿಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲವನಿಗೆ ಮಾತ್ರ ಗತಿ ಕೆಟ್ಟದ್ದು ತಿಳಿಯುತ್ತದೆ.

‘ವಾಹ್ಯಾಳಿ’ ಎಂಬ ಇನ್ನೊಂದು ಶಬ್ದವನ್ನು ನೋಡಬಹುದು. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ‘ವಾಜಿವಾಹ್ಯಾಳಿ ವಿನೋದ’ ಎಂಬ ಭಾಗವೇ ಇದೆ. ಕುದುರೆಯನ್ನು ಏರಿ ಓಡಾಡಿಸುವ ಬಯಲಿಗೂ ಆ ಕ್ರೀಡೆಗೂ ಇದ್ದ ಹೆಸರು ಅದು. ಇಂದು ನಾವು ಸಂಜೆ ಹೊತ್ತು ಕಾಲಾಡಿಸಿ ಬರುವುದನ್ನು ವಾಹ್ಯಾಳಿ ಎನ್ನುತ್ತೇವೆ. ಕುದುರೆಯಿಂದ ಮನುಷ್ಯನಿಗೆ ದಾಟಿದ ಈ ಶಬ್ದ ಮತ್ತೆ ಕುದುರೆಗೆ, ಅದೂ ಗಾಯದಿಂದ ಏಳುತ್ತಿರುವ ಕುದುರೆಗೆ, ಸಲ್ಲಬೇಕಾಗಿದೆ. ಶಾಸನಗಳಲ್ಲಿ ಬರುವ ‘ಸಾಹಣಿ’ ಎಂಬ ಅಧಿಕಾರಿಯ ಹೆಸರನ್ನೂ ಇಲ್ಲಿ ನೆನೆಯಬೇಕು. ತುರಗಸಾಹಣಿ, ಗಜಸಾಹಣಿ ಎಂದು ಪ್ರತ್ಯೇಕ ಹೊಣೆಗಾರರಿದ್ದರೆಂದರೆ ಲಾಯದ ಹಿಂದೆ ವ್ಯವಸ್ಥಿತವಾದ ಜ್ಞಾನವೊಂದು ಇದ್ದಿತೆಂದೇ ಅರ್ಥ. 13ನೆಯ ಶತಮಾನದ ಕೊನೆಗೆ ತಮಿಳು ಕರಾವಳಿಯನ್ನು ಕಂಡ ಮಾರ್ಕೋ ಪೋಲೋ, ಹಡಗಿನಲ್ಲಿ ಬಂದ ಕುದುರೆಗಳು ಆರೈಕೆ ತಿಳಿದವರಿಲ್ಲದೆ ಸಾಯುತ್ತವೆ ಎಂದು ಬರೆದುದನ್ನು ಚರಿತ್ರಕಾರರು ಮತ್ತೆ ಮತ್ತೆ ಉದಾಹರಿಸುತ್ತಾರೆ. ಆ ಮಾತನ್ನು ಇಡೀ ದಕ್ಷಿಣಕ್ಕೆ ಹೊಂದಿಸುವ ಮುನ್ನ ಅದಕ್ಕೂ ನೂರೈವತ್ತು ವರ್ಷ ಹಿಂದಿನ ‘ಮಾನಸೋಲ್ಲಾಸ’ವನ್ನೂ, ಅನಂತರದ ಕನ್ನಡ ಅಶ್ವವೈದ್ಯಗಳನ್ನೂ ಸಾಕ್ಷಿಯಾಗಿ ಕರೆಯಬೇಕಾಗಿತ್ತು.

ಈ ವಿದ್ಯೆಯ ಪ್ರಾಚೀನತೆಗೆ ಗಡಿಗಳಿಲ್ಲ. ಸುಮಾರು ಕ್ರಿ.ಪೂ. 14-15ನೆಯ ಶತಮಾನದಲ್ಲಿ ಮಿತನ್ನಿ ನಾಡಿನ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಬೋಧನೆ ಹಿತ್ತೈಟರ ಮಣ್ಣಿನ ಹಲಗೆಗಳಲ್ಲಿ ಉಳಿದುಬಂದಿದೆ. ಕುದುರೆಯನ್ನು ದಿನದಿನಕ್ಕೆ ಎಷ್ಟು ದೂರ ನಡೆಸಬೇಕು, ಯಾವಾಗ ಮೀಯಿಸಬೇಕು, ಯಾವಾಗ ಮೇವು ತಡೆಯಬೇಕು, ಯಾವಾಗ ಕೊಡಬೇಕು ಎಂಬ ಲೆಕ್ಕ ಅದರಲ್ಲಿದೆ. ಸುತ್ತುಗಳನ್ನು ಎಣಿಸುವಾಗ ಅವನು ಬಳಸಿದ ಶಬ್ದಗಳು ನಮ್ಮ ಏಕ, ಪಂಚ, ಸಪ್ತಗಳ ಬಂಧುಗಳು. ಸುತ್ತಿಗೆ ಅವನ ಶಬ್ದ ‘ವರ್ತನ’ದ ರೂಪಾಂತರ. ನಮ್ಮಲ್ಲಿಯೇ ವ್ಯಾಸಭಾರತದ ದ್ರೋಣಪರ್ವವನ್ನು ತೆಗೆದರೆ, ಜಯದ್ರಥವಧೆಯ ದಿನ ಯುದ್ಧದ ನಡುವೆಯೇ ಕೃಷ್ಣನು ರಥದ ಕುದುರೆಗಳನ್ನು ಬಿಚ್ಚುವ ಪ್ರಸಂಗ ಸಿಗುತ್ತದೆ. ಅರ್ಜುನನು ಬಾಣದಿಂದ ನೆಲ ಸೀಳಿ ನೀರು ತರಿಸುತ್ತಾನೆ. ಕೃಷ್ಣನು ಕುದುರೆಗಳ ಮೈಯಿಂದ ಬಾಣಗಳನ್ನು ಕಿತ್ತು, ಕೈಯಿಂದ ಮೈ ಉಜ್ಜಿ, ನೆಲದಲ್ಲಿ ಹೊರಳಾಡಿಸಿ, ನೀರು ಕುಡಿಸಿ, ಮೀಯಿಸಿ, ಮೇವು ಕೊಟ್ಟು, ದಣಿವಾರಿದ ಮೇಲೆ ಮತ್ತೆ ಹೂಡುತ್ತಾನೆ. ಭಕ್ತರು ಗೀತೆಯ ಕೃಷ್ಣನನ್ನು ನೆನೆಯುತ್ತಾರೆ. ಅಶ್ವವೈದ್ಯ ಕೃಷ್ಣನಿಗೆ ಯಾರೂ ಗುಡಿ ಕಟ್ಟಿಲ್ಲ. ವಿರಾಟನ ಲಾಯದಲ್ಲಿ ಗ್ರಂಥಿಕನೆಂಬ ಹೆಸರಿನಲ್ಲಿದ್ದ ನಕುಲನ ಹೆಸರಿಗೆ ಸಂಸ್ಕೃತದ ಅಶ್ವಚಿಕಿತ್ಸಾಗ್ರಂಥವೊಂದು ಅಂಟಿಕೊಂಡಿರುವುದೂ ಆಕಸ್ಮಿಕವಲ್ಲ.

ಇನ್ನು ಜೈನ ಸಾಹಿತ್ಯದ ಕಡೆಗೆ ಬರೋಣ. ನೋಯುವ ಪ್ರಾಣಿಯನ್ನು ಜೈನ ಕಥೆಗಾರರಷ್ಟು ಹತ್ತಿರದಿಂದ ಕಂಡವರು ವಿರಳ. ಏಟು ತಿಂದು ಸಾಯುತ್ತಿರುವ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಹೇಳುತ್ತಾನೆ. ಅದು ಯಕ್ಷನಾಗಿ ಹುಟ್ಟಿ ಅವನ ಋಣ ತೀರಿಸುತ್ತದೆ. 1424ರ ಭಾಸ್ಕರನ ‘ಜೀವಂಧರ ಚರಿತೆ’ಯ ಮೂಲಕ ಈ ಕಥೆ ಕನ್ನಡದಲ್ಲಿ ಮನೆಮಾತಾಯಿತು. ಸಾಯುವ ಎತ್ತು, ಬೆಂಕಿಯಲ್ಲಿ ಬೇಯುವ ಹಾವು ಮುಂತಾದವುಗಳ ಕಥೆಗಳೂ ಇದೇ ಬಗೆಯವು. ಇವೆಲ್ಲವುಗಳಲ್ಲಿ ಒಂದು ಸಮಾನ ರಚನೆಯಿದೆ: ಪ್ರಾಣಿಯ ಮರಣದ ಕ್ಷಣಕ್ಕೆ ಕರುಣೆ ಒದಗುತ್ತದೆ, ಫಲ ಮುಂದಿನ ಜನ್ಮದಲ್ಲಿ ದೊರೆಯುತ್ತದೆ. ಕಾವ್ಯಕ್ಕೆ ಇದು ಸಹಜ. ಆದರೆ ಜೈನ ಪರಂಪರೆ ಕಾವ್ಯದಲ್ಲಿಯೇ ನಿಲ್ಲಲಿಲ್ಲ ಎಂಬುದು ಮುಖ್ಯ. ಕೀರ್ತಿವರ್ಮ, ಅಭಿನವಚಂದ್ರ ಮೊದಲಾದವರು ಬರೆದದ್ದು ಪ್ರಾಣಿ ಸಾಯುವುದಕ್ಕೆ ಮೊದಲು ಏನು ಮಾಡಬೇಕು ಎಂಬುದನ್ನು. ಮೃಗಕ್ಕೆ ಸದ್ಗತಿ ಕೊಡುವ ಕರುಣೆ ಒಂದು, ಸದ್ಯದ ಗತಿಯನ್ನು ಸರಿಪಡಿಸುವ ಕರುಣೆ ಇನ್ನೊಂದು. ಮೊದಲನೆಯದಕ್ಕೆ ನಾವು ಪಿಎಚ್.ಡಿ. ಪ್ರಬಂಧಗಳನ್ನು ಬರೆದಿದ್ದೇವೆ, ಎರಡನೆಯದಕ್ಕೆ ಐದು ಅಂಕದ ಟಿಪ್ಪಣಿ ಕೊಟ್ಟಿದ್ದೇವೆ.

ಗೃಹಸ್ಥನ ಅಹಿಂಸಾಣುವ್ರತಕ್ಕೆ ‘ತತ್ತ್ವಾರ್ಥಸೂತ್ರ’ವು ಐದು ಅತಿಚಾರಗಳನ್ನು ಹೇಳುತ್ತದೆ: ಬಿಗಿದು ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಭಾರ ಹೇರುವುದು, ಅನ್ನನೀರು ತಡೆಯುವುದು. ಈ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿದರೆ ಇದರ ಹಿಂದೆ ಲಾಯ, ಕೊಟ್ಟಿಗೆ, ಬಂಡಿ ಕಣ್ಣಿಗೆ ಕಟ್ಟುತ್ತವೆ. ಭಾರ ಹೊರುವ ಪ್ರಾಣಿಯೊಂದಿಗೆ ದಿನವೂ ಬಾಳುವ ಒಕ್ಕಲಿಗ, ವ್ಯಾಪಾರಿ, ಸವಾರರನ್ನು ಎದುರಿಗಿಟ್ಟುಕೊಂಡು ಮಾಡಿದ ಪಟ್ಟಿಯಿದು. ಕುದುರೆ ಮೂರನೆಯ ತೀರ್ಥಂಕರ ಸಂಭವನಾಥರ ಲಾಂಛನ ಎಂದು ಬಸದಿಯಲ್ಲಿ ಕೈಮುಗಿಯುವ ನಾವು, ಬಸದಿಯ ಹೊರಗೆ ಕುಂಟುವ ಕುದುರೆಗೆ ಈ ಐದು ಅತಿಚಾರಗಳಲ್ಲಿ ಎಷ್ಟು ತಗಲಿವೆ ಎಂದು ಎಣಿಸುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹಳೆಯ ಅಶ್ವವೈದ್ಯವನ್ನು ಹೊಗಳುವುದು ಸರಿ, ಆದರೆ ಅದರಲ್ಲಿ ರಕ್ತ ತೆಗೆಯುವುದು, ಕಾದ ಕಬ್ಬಿಣದಿಂದ ಸುಡುವುದು ಮುಂತಾದ ಕ್ರೂರ ಕ್ರಮಗಳೂ ಇವೆಯಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕು ಕೂಡ. ಊದಿದ ಕಂಡರದ ಮೇಲೆ ಬರೆ ಎಳೆಯುವುದು ಭಾರತದ ದೋಷ ಮಾತ್ರವಲ್ಲ. ಇಂಗ್ಲೆಂಡಿನ ಪಶುವೈದ್ಯರೂ ಕಳೆದ ಶತಮಾನದ ಉತ್ತರಾರ್ಧದವರೆಗೂ ಅದನ್ನು ಮಾಡುತ್ತಿದ್ದರು. 1980ರ ದಶಕದ ಆರಂಭದಲ್ಲಿ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನವು ಬರೆ ಎಳೆದುದರಿಂದ ಕಂಡರ ಗುಣವಾಗುವುದಿಲ್ಲವೆಂದು ತೋರಿಸಿತು. ನಮ್ಮ ಜಾತ್ರೆಗಳಲ್ಲಿ ಇಂದಿಗೂ ಮುಂಗಾಲಿನ ಮೇಲೆ ಸಾಲು ಬರೆಗಳಿರುವ ಕುದುರೆಗಳನ್ನು ಕಾಣಬಹುದು. ಬರೆ ಹಾಕಿದ ಮೇಲೆ ನೋವಿನಿಂದ ಕುದುರೆ ಬಹುದಿನ ನಿಂತಲ್ಲೇ ನಿಲ್ಲುತ್ತದೆ; ಆ ವಿಶ್ರಾಂತಿಯಿಂದಾದ ಲಾಭವನ್ನು ಜನ ಬರೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ.

ಈ ಪ್ರಶ್ನೆಗೆ ಉತ್ತರ ಕೊಡಲು ಜೈನ ಶಾಸ್ತ್ರದ ಒಳಗೇ ಒಂದು ಮಾನದಂಡವಿದೆ. ಕರ್ನಾಟಕದ ನೆಲದಲ್ಲಿ ಬಾಳಿದ ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಒಂದು ದೃಷ್ಟಾಂತ ಕೊಡುತ್ತಾರೆ. ಪರಮಕರುಣೆಯುಳ್ಳ ವೈದ್ಯನೊಬ್ಬ ಮುನಿಯ ಮೈಮೇಲಿನ ಕುರುವನ್ನು ಸೀಳುತ್ತಾನೆ. ಅವನು ದುಃಖವನ್ನು ಉಂಟುಮಾಡಿದ್ದು ನಿಜ, ಆದರೆ ಅವನಿಗೆ ಪಾಪಬಂಧವಿಲ್ಲ. ನೋವಾಯಿತೇ ಎಂಬುದೊಂದೇ ಹಿಂಸೆಯ ಅಳತೆಯಲ್ಲ; ಪ್ರಮಾದವಿತ್ತೇ ಎಂಬುದು ಅಳತೆ. ಪ್ರಮಾದವೆಂದರೆ ಎಚ್ಚರಗೇಡಿತನ. ಬೇರೆ ದಾರಿ ತಿಳಿಯದ ಕಾಲದಲ್ಲಿ ಗುಣವಾಗಲೆಂದು ಬರೆ ಎಳೆದ ವೈದ್ಯನಿಗೆ ಈ ದೃಷ್ಟಾಂತದ ರಕ್ಷಣೆ ಸಿಗಬಹುದು. ತಣ್ಣೀರು, ಪಟ್ಟಿ, ಅಳತೆಯ ನಡಿಗೆಗಳಿಂದ ಗುಣವಾಗುತ್ತದೆಂದು ತಿಳಿದ ಮೇಲೂ ಬರೆ ಎಳೆಯುವವನಿಗೆ ಅದು ಸಿಗದು. ತಿಳಿಯಬಹುದಾದುದನ್ನು ತಿಳಿಯದೆ ಇರುವುದೂ ಪ್ರಮಾದವೇ. ಹೀಗೆ ನೋಡಿದಾಗ ಹೊಸ ಪಶುವೈದ್ಯವನ್ನು ಒಪ್ಪಿಕೊಳ್ಳುವುದು ಹಳೆಯ ಶಾಸ್ತ್ರಕ್ಕೆ ಮಾಡುವ ದ್ರೋಹವಲ್ಲ. ಅದು ಆ ಶಾಸ್ತ್ರದ ಒಳಗಿನ ಬೇಡಿಕೆಯೇ ಆಗಿದೆ.

ಎರಡನೆಯ ಆಕ್ಷೇಪ ಪಾಂಜರಾಪೋಳದ ಕಡೆಯಿಂದ ಬರುತ್ತದೆ. ಮುದಿಯಾದ, ಅಂಗವಿಕಲವಾದ ಪ್ರಾಣಿಗಳನ್ನು ಸಾಯುವತನಕ ಸಾಕುವ ಈ ಸಂಸ್ಥೆ ಜೈನ ಸಮಾಜದ ದೊಡ್ಡ ಕೊಡುಗೆ. ಮುಂಬಯಿಯ ಪಾಂಜರಾಪೋಳ 1834ರಲ್ಲಿ ಜೈನರೂ ಪಾರಸಿಗಳೂ ಕೂಡಿ ಸ್ಥಾಪಿಸಿದ್ದು. ಅದಿರುವಾಗ ಪುನಶ್ಚೇತನದ ಮಾತೇಕೆ? ಎರಡಕ್ಕೂ ಅಂತರವಿದೆ. ಆಶ್ರಯವು ಪ್ರಾಣಿಯ ದೌರ್ಬಲ್ಯವನ್ನು ಒಪ್ಪಿಕೊಂಡು ಮುಂದುವರಿಯುತ್ತದೆ. ಪುನಶ್ಚೇತನವು ಆ ದೌರ್ಬಲ್ಯವನ್ನು ಪ್ರಶ್ನಿಸುತ್ತದೆ. ಅದಲ್ಲದೆ, ಕುದುರೆಯ ಶರೀರ ಸುಮ್ಮನೆ ನಿಲ್ಲಿಸಿ ಸಾಕಲು ಒಪ್ಪುವಂಥದ್ದಲ್ಲ. ಒಂದು ಕಾಲು ನೋಯುತ್ತಿದ್ದರೆ ಅದು ಭಾರವನ್ನೆಲ್ಲ ಎದುರು ಕಾಲಿಗೆ ಹಾಕುತ್ತದೆ. ಕೆಲವು ವಾರಗಳಲ್ಲಿ ಆ ಒಳ್ಳೆಯ ಕಾಲಿನ ಗೊರಸಿನೊಳಗಿನ ಪದರಗಳು ಉರಿತಕ್ಕೆ ಸಿಕ್ಕಿ ಬಿಡಿಸಿಕೊಳ್ಳತೊಡಗುತ್ತವೆ. ಅಮೆರಿಕದ ಬಾರ್ಬರೋ ಎಂಬ ಪ್ರಖ್ಯಾತ ಕುದುರೆ 2006ರ ಮೇ ತಿಂಗಳ ಓಟವೊಂದರಲ್ಲಿ ಹಿಂಗಾಲು ಮುರಿದುಕೊಂಡಿತು. ಅತ್ಯುತ್ತಮ ಶಸ್ತ್ರಚಿಕಿತ್ಸೆ ನಡೆಯಿತು, ಮುರಿದ ಎಲುಬು ಬಹುಮಟ್ಟಿಗೆ ಕೂಡಿಕೊಂಡಿತು. ಕೊನೆಗೆ ಅದನ್ನು ಸೋಲಿಸಿದ್ದು ಉಳಿದ ಪಾದಗಳಲ್ಲಿ ಹುಟ್ಟಿದ ಈ ರೋಗವೇ. 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು.

ಮರಣವನ್ನು ಕುರಿತ ಈ ಕೊನೆಯ ಪ್ರಶ್ನೆ ನಮ್ಮವರನ್ನು ತುಂಬ ಕಾಡುತ್ತದೆ. ಅಹಿಂಸಾಧರ್ಮಿಗಳು ದಯಾಮರಣವನ್ನು ಒಪ್ಪಬಹುದೇ ಎಂದು ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ನಡೆಯುವುದನ್ನು ಕೇಳಿದ್ದೇನೆ. ಆ ಚರ್ಚೆ ಅನಗತ್ಯವೆಂದು ನಾನು ಹೇಳುವುದಿಲ್ಲ. ಆದರೆ ಅದು ಸರಿಯಾದ ಕ್ರಮದಲ್ಲಿ ನಡೆಯಬೇಕು. ಎಲುಬು ಚೂರಾಗಿ ಗುಣವಾಗದ ಸ್ಥಿತಿಗೆ ಹೋಗುವ ಕುದುರೆಗಳು ಕೆಲವು ಮಾತ್ರ. ಕಂಡರ ಹರಿದು, ಗೊರಸು ಒಡೆದು, ಬೆನ್ನಿಗೆ ಹುಣ್ಣಾಗಿ, ಸಕಾಲದ ಆರೈಕೆ ಸಿಕ್ಕಿದರೆ ನಡೆದಾಡಬಲ್ಲ ಕುದುರೆಗಳು ಅನೇಕ. ಗುಣವಾಗಬಲ್ಲ ಕಾಲನ್ನು ಗುಣಪಡಿಸದೆ ಬಿಟ್ಟು, ಅದು ಕೊಳೆತ ಮೇಲೆ ಅದರ ಮರಣದ ಧರ್ಮಾಧರ್ಮ ವಿಚಾರಿಸುವುದು ಧರ್ಮಚರ್ಚೆಯಲ್ಲ, ಹೊಣೆ ತಪ್ಪಿಸಿಕೊಳ್ಳುವ ದಾರಿ.

ಈಗ ನಮ್ಮ ನಾಲ್ಕು ತಾಲ್ಲೂಕುಗಳನ್ನು ನೋಡೋಣ. 1948ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. ಎರಡೂ ಮನೆತನಗಳು ಕುದುರೆಯ ಬೆನ್ನ ಮೇಲೆ ಚರಿತ್ರೆಗೆ ಬಂದವು. ಸಂಸ್ಥಾನಗಳು ಹೋದವು, ಲಾಯಗಳು ಹೋದವು, ಪೇಟೆಯ ಟಾಂಗಾಗಳನ್ನು ಆಟೋರಿಕ್ಷಾ ನುಂಗಿತು. ಆದರೂ ಕುದುರೆ ಪೂರ್ತಿ ಕಾಣೆಯಾಗಿಲ್ಲ. ಮದುವೆಯ ಮೆರವಣಿಗೆಗೆ ಬೇಕು. ಜಾತ್ರೆಯ ಶರ್ಯತ್ತಿಗೆ ಬೇಕು. ಕೃಷ್ಣಾ ತೀರದ ಈ ಸೀಮೆಯಲ್ಲಿ ಕುದುರೆಗಾಡಿಯ ಓಟವೂ, ಒಂದು ಕಡೆ ಎತ್ತು ಒಂದು ಕಡೆ ಕುದುರೆ ಹೂಡಿದ ಗಾಡಿಯ ಓಟವೂ ಜನಪ್ರಿಯ. ಎಲ್ಲಕ್ಕಿಂತ ಹೆಚ್ಚಾಗಿ, ಕುರಿ ಹಿಂಡಿನೊಡನೆ ಊರೂರು ಅಲೆಯುವ ಕುರುಬರ ತಟ್ಟುಗಳಿವೆ. ಹಾಸಿಗೆ, ಪಾತ್ರೆ, ಕೋಳಿ, ಆಗತಾನೆ ಹುಟ್ಟಿದ ಮರಿಗಳನ್ನು ಹೊತ್ತು ಅವು ಹಿಂಡಿನ ಹಿಂದೆ ನಡೆಯುತ್ತವೆ. ದಖ್ಖನಿನ ಈ ಗಿಡ್ಡ ಗಟ್ಟಿ ಕುದುರೆಯ ಭೀಮಥಡಿ ತಳಿಗೆ ಕರ್ನಾಲದ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಬ್ಯೂರೋ ಇತ್ತೀಚೆಗಷ್ಟೆ ಮನ್ನಣೆ ಕೊಟ್ಟಿದೆ.

ಮುಧೋಳದಲ್ಲಿಯೇ ಒಂದು ಆದರ್ಶವೂ ಇದೆ. ಅಳಿಯುವ ಹಂತಕ್ಕೆ ಬಂದಿದ್ದ ಮುಧೋಳ ನಾಯಿಗೆ ಇಂದು ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರಬಂದಿತು. ಸೇನೆಯೂ ಅದನ್ನು ಬಳಸಿ ನೋಡಿತು. ಬೇಟೆಗೆ ಹೋಗುವ ಅರಸನ ಮುಂದೆ ನಾಯಿ ಓಡುತ್ತಿದ್ದಾಗ ಅರಸ ಕೂತಿದ್ದುದು ಕುದುರೆಯ ಮೇಲೆ. ನಾಯಿಗೆ ದೊರೆತ ಮನ್ನಣೆಯಲ್ಲಿ ಒಂದು ಪಾಲಾದರೂ ಆ ಕುದುರೆಯ ಸಂತತಿಗೆ ಸಲ್ಲಬಾರದೇ? ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಬಂದ ಅಶ್ವಪಾಲನ ಕೇಂದ್ರ, ಬೆಂಗಳೂರಿನ ಪಂದ್ಯದ ಕುದುರೆಗಳಿಗೆ ತಜ್ಞ ವೈದ್ಯರು ಇವೆಲ್ಲ ರಾಜ್ಯದ ದಕ್ಷಿಣದಲ್ಲಿವೆ. ಬೀಳಗಿಯ ಕುರುಬನು ಕಾಲು ಉಳುಕಿದ ತಟ್ಟನ್ನು ಅಷ್ಟು ದೂರ ಒಯ್ಯಲಾರ. 2022ರಿಂದ ರಾಜ್ಯದಲ್ಲಿ ‘ಪಶು ಸಂಜೀವಿನಿ’ ಸಂಚಾರಿ ಚಿಕಿತ್ಸಾವಾಹನಗಳು ಓಡಾಡುತ್ತಿರುವುದು ಸಂತೋಷದ ಸಂಗತಿ. ಆದರೆ ವಾಹನ ಬಂದು ಚುಚ್ಚುಮದ್ದು ಕೊಟ್ಟು ಹೋಗುವುದು ಚಿಕಿತ್ಸೆಯ ಮೊದಲ ದಿನ ಮಾತ್ರ. ಉಳಿದ ಇನ್ನೂರೈವತ್ತು ದಿನಗಳಿಗೆ ಯಾರು?

ಇದು ಹಣದ ಪ್ರಶ್ನೆಯೂ ಹೌದು. ಒಂಬತ್ತು ತಿಂಗಳು ದುಡಿಯದ ಕುದುರೆಗೆ ಹುರುಳಿ, ಮೇವು ಹಾಕುವ ಶಕ್ತಿ ಅಲೆಮಾರಿ ಕುರುಬನಿಗಾಗಲಿ ಬಾಡಿಗೆಯ ಕುದುರೆಯವನಿಗಾಗಲಿ ಇಲ್ಲ. ಅವನು ಕುದುರೆಯನ್ನು ಬಿಟ್ಟುಬಿಡುವುದು ಕ್ರೌರ್ಯದಿಂದಲ್ಲ, ದಾರಿ ಕಾಣದೆ. ಅವನಿಗೆ ಅಹಿಂಸೆಯ ಉಪದೇಶ ಮಾಡುವುದು ಸುಲಭ, ಹುರುಳಿಯ ಚೀಲ ಕೊಡುವುದು ಕಷ್ಟ. ಶರ್ಯತ್ತಿನ ವಿಚಾರ ಬೇರೆ. ಕಂಬಳ, ಎತ್ತಿನ ಗಾಡಿ ಓಟಗಳಿಗೆ 2017ರ ಕರ್ನಾಟಕದ ತಿದ್ದುಪಡಿ ಷರತ್ತುಬದ್ಧ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಆ ತಿದ್ದುಪಡಿ ಕೋಣ, ಎತ್ತುಗಳನ್ನು ಕುರಿತದ್ದು. ಕುದುರೆಯ ಮಾತು ಅದರಲ್ಲಿಲ್ಲ. ಹಾಗಾಗಿ ಅದರ ಷರತ್ತುಗಳು ಕುದುರೆಯ ಓಟಕ್ಕೆ ಅನ್ವಯಿಸುವುದಿಲ್ಲ. ಡಾಂಬರು ರಸ್ತೆಯ ಮೇಲೆ ಓಡಿಸುವುದು ನಿಲ್ಲಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ನಿಲ್ಲುವವರೆಗೂ, ಬಹುಮಾನಕ್ಕೆ ಹಣ ಕೂಡಿಸುವ ಜಾತ್ರಾ ಸಮಿತಿಗಳು ಅದರ ಒಂದು ಪಾಲನ್ನು ಗಾಯಗೊಂಡ ಪ್ರಾಣಿಯ ಆರೈಕೆಗೆ ಮೀಸಲಿಡುವುದು ಕನಿಷ್ಠ ಧರ್ಮ.

ಹಾಗಾದರೆ ಏನು ಮಾಡಬಹುದು? ತಿಮ್ಮಾಪುರದ ಕೇಂದ್ರದ ಪಕ್ಕದಲ್ಲೋ ತಾಲ್ಲೂಕು ಪಶು ಆಸ್ಪತ್ರೆಯ ಆವರಣದಲ್ಲೋ ಹತ್ತು ಕುದುರೆ ನಿಲ್ಲುವ ಒಂದು ಲಾಯ, ಸಮತಟ್ಟಾದ ಗಟ್ಟಿ ಮಣ್ಣಿನ ಒಂದು ನಡಿಗೆಯ ದಾರಿ, ನೀರಿನ ಒಂದು ತೊಟ್ಟಿ, ತರಬೇತಾದ ಇಬ್ಬರು ಸಹಾಯಕರು ಇದ್ದರೆ ಆರಂಭಕ್ಕೆ ಸಾಕು. ಜಮಖಂಡಿಗೆ ಕೃಷ್ಣೆ, ಮುಧೋಳಕ್ಕೆ ಘಟಪ್ರಭೆ, ಬೀಳಗಿಗೆ ಆಲಮಟ್ಟಿಯ ಹಿನ್ನೀರು ಇರುವಾಗ ತೊಟ್ಟಿಯೇಕೆ ಎನ್ನಬಾರದು. ಜಾರುವ ದಡ, ಮೊಸಳೆ, ತೆರೆದ ಗಾಯಕ್ಕೆ ತಗಲುವ ಕೊಳೆ ಇವುಗಳಿಂದಾಗಿ ನದಿ ಚಿಕಿತ್ಸಾಲಯವಾಗಲಾರದು. ಇದಕ್ಕೆ ಧನಸಹಾಯ ಮಾಡಬಲ್ಲ ಜೈನ ಟ್ರಸ್ಟುಗಳು ಈ ಭಾಗದಲ್ಲಿವೆ. 1123ರಲ್ಲಿ ಮಾಂಡಲಿಕ ಗೊಂಕನು ತೇರದಾಳದಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ ನೆಲವಿದು. ಮದುವೆಯ ದಿನ ಕೂಡಿಹಾಕಿದ ಪ್ರಾಣಿಗಳ ಕೂಗನ್ನು ಕೇಳಿ ರಥವನ್ನು ತಿರುಗಿಸಿದ ನೇಮಿನಾಥರ ಹೆಸರಿನಲ್ಲಿ ಒಂದು ಅಶ್ವಶಾಲೆ ಹುಟ್ಟಿದರೆ ಅದಕ್ಕಿಂತ ಸಹಜವಾದ ದಾನ ಇನ್ನೊಂದಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಇದರಲ್ಲಿ ಎರಡು ಕೆೲಲಸಗಳಿವೆ. ಮೊದಲನೆಯದು, ಕನ್ನಡದ ಅಶ್ವವೈದ್ಯ ಗ್ರಂಥಗಳನ್ನು ಪಶುವೈದ್ಯರ ಜೊತೆ ಕುಳಿತು ಮತ್ತೆ ಓದುವುದು. ಯಾವ ಶಬ್ದ ಯಾವ ರೋಗವನ್ನು ಹೇಳುತ್ತದೆ, ಯಾವ ಗಿಡ ಇಂದಿನ ಯಾವ ಗಿಡ, ಯಾವ ಕ್ರಮ ಇಂದಿಗೂ ಸಲ್ಲುತ್ತದೆ, ಯಾವುದನ್ನು ಕೈಬಿಡಬೇಕು ಎಂಬುದನ್ನು ಪದ್ಯಪದ್ಯಕ್ಕೂ ನಿರ್ಣಯಿಸುವ ವ್ಯಾಖ್ಯಾನ ಬೇಕು. ಛಂದಸ್ಸು ತಿಳಿದವನಿಗೆ ಗೊರಸು ತಿಳಿಯದು, ಗೊರಸು ತಿಳಿದವನಿಗೆ ಛಂದಸ್ಸು ತಿಳಿಯದು; ಒಬ್ಬರೇ ಮಾಡುವ ಕೆಲಸವಲ್ಲ ಇದು. ಎರಡನೆಯದು ಇನ್ನೂ ತುರ್ತಿನದು. ಟಾಂಗಾ ಹೊಡೆದವರು, ಲಾಳ ಕಟ್ಟುವವರು, ತಟ್ಟು ಸಾಕುವ ಕುರುಬರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಬದುಕಿದ್ದಾರೆ. ಕುಂಟಿನ ಬಗೆಗಳಿಗೆ, ಹೆಜ್ಜೆಯ ದೋಷಗಳಿಗೆ, ಗೊರಸಿನ ರೋಗಗಳಿಗೆ, ಮಾಲಿಸಿನ ಕ್ರಮಗಳಿಗೆ ಅವರ ಬಾಯಲ್ಲಿರುವ ಶಬ್ದಗಳು ಯಾವ ನಿಘಂಟಿನಲ್ಲೂ ಪೂರ್ತಿಯಾಗಿ ಸೇರಿಲ್ಲ. ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ. ಒಂದು ಧ್ವನಿಮುದ್ರಣ ಯಂತ್ರ ಹಿಡಿದು ಒಂದು ಬೇಸಿಗೆ ರಜೆ ತಿರುಗಿದರೆ ಒಂದು ಒಳ್ಳೆಯ ಸಂಶೋಧನ ಪ್ರಬಂಧಕ್ಕೆ ಮೀರಿದ ಸಾಮಗ್ರಿ ದೊರೆಯುತ್ತದೆ.

ಮುಧೋಳದ ಸೀಮೆಯ ಬೆಳುಗಲಿಯಲ್ಲಿ ಹುಟ್ಟಿದ ರನ್ನನು ತೊಡೆ ಮುರಿದು ಬಿದ್ದ ಒಬ್ಬ ಅರಸನ ನೋವನ್ನು ಸಾವಿರ ವರ್ಷ ಕಳೆದರೂ ಮರೆಯದಂತೆ ಕನ್ನಡಕ್ಕೆ ಕೊಟ್ಟನು. ದುರ್ಯೋಧನನ ಮುರಿದ ತೊಡೆಗೆ ಮರುಗಲು ಕಲಿಸಿದ ಭಾಷೆಗೆ ಕುದುರೆಯ ಮುರಿದ ಕಾಲಿಗೆ ಮದ್ದು ಬರೆದ ಲೇಖಕರೂ ಹುಟ್ಟಿದರು ಎಂಬುದು ಸಣ್ಣ ಸಂಗತಿಯಲ್ಲ. ಮರುಕವೂ ಮದ್ದೂ ಒಂದೇ ಪರಂಪರೆಯ ಎರಡು ಕೈಗಳು. ನಮ್ಮ ಪಠ್ಯಕ್ರಮಗಳು ಒಂದು ಕೈಯನ್ನು ಮಾತ್ರ ತೋರಿಸುತ್ತ ಬಂದಿವೆ. ಇನ್ನೊಂದನ್ನು ತೋರಿಸುವ ಕೆಲಸ ತರಗತಿಯಲ್ಲಿ ಮೊದಲಾದರೆ, ಅದರ ಫಲ ಲಾಯದವರೆಗೂ ಮುಟ್ಟೀತು.